ಬಾಯಿಮಾತು ಮತ್ತು ರಾಗಿ ತಳಿಗಳ ಪ್ರಸಾರ

ಹೊಸ ಬೇಸಾಯ ಕ್ರಮವೊಂದು ರೈತನಿಂದ ರೈತನಿಗೆ ಮಾತಿನಲ್ಲೇ ದಾಟಿದ್ದಕ್ಕೆ ಹಳೆ ಮೈಸೂರು ಸೀಮೆಯ ರಾಗಿಗಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ರಾಗಿ ಸ್ವಪರಾಗಸ್ಪರ್ಶದ ಬೆಳೆ. ಒಕ್ಕಿದ ಕಾಳನ್ನೇ ಮರುವರ್ಷ ಬಿತ್ತಬಹುದು, ಎಕರೆಗೆ ಬೇಕಾದ ಬೀಜವೂ ಕೆಲವೇ ಸೇರು. ಹೀಗಾಗಿ ತೆನೆ ಹೊಗಳಿದವನೇ ಬೀಜವನ್ನೂ ಕೊಡಬಲ್ಲ. ಕಬ್ಬಿಣದ ನೇಗಿಲಿನಂಥ ಹೊಸ ಉಪಕರಣಕ್ಕೆ ಈ ಅನುಕೂಲ ಇರಲಿಲ್ಲ. ಅದಕ್ಕೆ ಕೈಯಲ್ಲಿ ದುಡ್ಡಿರಬೇಕಿತ್ತು.

1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರ ಕಾಲದಲ್ಲಿ, 1918ರಲ್ಲಿ, ಹೆಬ್ಬಾಳದ ಕೃಷಿ ಕ್ಷೇತ್ರದಿಂದ ಎಚ್-22 ರಾಗಿ ತಳಿ ಹೊರಬಂತು. ಮಂಡ್ಯದ ವಿ.ಸಿ. ಫಾರಂನಲ್ಲಿ ಸಿ.ಎಚ್. ಲಕ್ಷ್ಮಣಯ್ಯ ಭಾರತದ ತಳಿಗಳನ್ನು ಆಫ್ರಿಕಾದ ತಳಿಗಳೊಂದಿಗೆ ಸಂಕರಿಸಿ 1970ರ ದಶಕದಲ್ಲಿ ಇಂಡಾಫ್ ಸರಣಿಯನ್ನು ಕೊಟ್ಟರು.

ಕೃಷಿ ಇಲಾಖೆ ಬೀಜ ಹಂಚಿದರೂ ತೀರ್ಪು ಹೇಳುವುದು ಊರು. ಹುಳಿಮಾವು, ಬೇಗೂರಿನಂಥ ಬೆಂಗಳೂರು ದಕ್ಷಿಣದ ಊರುಗಳು ಬಡಾವಣೆಗಳಾಗುವ ಮುಂಚೆ ಇದ್ದ ಲೋಕ ಇದೇ: ಖುಷ್ಕಿ ಹೊಲದಲ್ಲಿ ರಾಗಿ, ಅಕ್ಕಡಿಯಲ್ಲಿ ಅವರೆ, ಹುಚ್ಚೆಳ್ಳು. ಇಂಥ ಕಡೆ ಬದುವಿನ ಮೇಲೆ ನಿಂತು ಪಕ್ಕದವನ ಪೈರು ನೋಡುವುದೇ ಮೊದಲ ಪರೀಕ್ಷೆ. ಕಣದಲ್ಲಿ ತೆನೆಯನ್ನು ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ ಕಾಳು ನೋಡುತ್ತಾರೆ. ಇಳುವರಿಯೊಂದೇ ಸಾಲದು: ಹುಲ್ಲನ್ನು ದನ ಮೂಸಿ ಬಿಟ್ಟರೆ, ಮುದ್ದೆ ಸರಿಯಾಗಿ ಕೂಡದಿದ್ದರೆ ತಳಿಯ ಹೆಸರು ಕೆಡುತ್ತದೆ. ಮುದ್ದೆಯ ಮಾತು ಹೆಂಗಸರದು. ಅದು ಬೀಗರ ಮನೆ, ತವರುಮನೆಗಳ ದಾರಿ ಹಿಡಿದು ಸಂತೆಗಿಂತ ದೂರ ಹೋಗುತ್ತದೆ. ಕೃಷಿ ವಿಸ್ತರಣೆಯ ಬರವಣಿಗೆಯಲ್ಲಿ ಈ ಅಡುಗೆಮನೆಯ ತೀರ್ಪಿಗೆ ಸಲ್ಲಬೇಕಾದ ಜಾಗ ಸಿಕ್ಕಿಲ್ಲ.

ಅಮೆರಿಕದ ಅಯೋವಾದಲ್ಲಿ ಹೈಬ್ರಿಡ್ ಮೆಕ್ಕೆಜೋಳದ ಬಗ್ಗೆ ರಯಾನ್ ಮತ್ತು ಗ್ರಾಸ್ 1943ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಕಂಡಿತು: ಸುದ್ದಿ ತಂದವರು ಹೆಚ್ಚಾಗಿ ಬೀಜ ಮಾರುವವರು, ಧೈರ್ಯ ಕೊಟ್ಟವರು ನೆರೆಹೊರೆಯವರು. ಆದರೆ ಹೈಬ್ರಿಡ್ ಬೀಜವನ್ನು ಪ್ರತಿವರ್ಷ ಕೊಳ್ಳಬೇಕು. ರಾಗಿಯ ಬೀಜ ಕೈಬದಲಿನಲ್ಲೇ ನಡೆಯುತ್ತದೆ.

ಕೈಬದಲಿಗೆ ಒಂದು ಕೊರತೆಯೂ ಉಂಟು. ಮನೆಯಿಂದ ಮನೆಗೆ ಹೋಗುವಾಗ ಬೀಜ ಬೆರಕೆಯಾಗುತ್ತದೆ, ತಳಿಯ ಹೆಸರೂ ಮಾಸುತ್ತದೆ. ಇಂಡಾಫ್ ತಳಿಗಳಿಗೆ ಇದರ ಜೊತೆಗೆ ಬೆಂಕಿರೋಗದ ಕಾಟವೂ ಇತ್ತು. ಈ ರೋಗವನ್ನು ತಡೆದುಕೊಳ್ಳುವ ಜಿಪಿಯು-28 ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಿಂದ 1990ರ ದಶಕದಲ್ಲಿ ಬಂದು ಕರ್ನಾಟಕದ ರಾಗಿ ಹೊಲಗಳಲ್ಲಿ ಮುಖ್ಯ ತಳಿಯಾಯಿತು. ಅದರ ಹುಟ್ಟಿನಲ್ಲಿ ಇಂಡಾಫ್-5, ಇಂಡಾಫ್-9 ಎರಡೂ ಇವೆ.