ಫೋಲೇಟ್ ವಿರೋಧಿ ಔಷಧಗಳು

ಬಿ ಗುಂಪಿನ ಜೀವಸತ್ತ್ವವಾದ ಫೋಲಿಕ್ ಆಮ್ಲವನ್ನು (ಫೋಲೇಟ್) ಪೂರ್ತಿಯಾಗಿಯೋ ಭಾಗಶಃವೋ ಹೋಲುತ್ತ, ಜೀವಕೋಶದಲ್ಲಿ ಅದರ ಕೆಲಸವನ್ನು ತಡೆಯುವ ಸಂಯುಕ್ತಗಳ ಗುಂಪು. ಮೆಥೊಟ್ರೆಕ್ಸೇಟ್, ಪೈರಿಮೆಥಮೈನ್, ಟ್ರೈಮೆಥೊಪ್ರಿಮ್, ಪೆಮೆಟ್ರೆಕ್ಸೆಡ್ ಇವುಗಳಲ್ಲಿ ಮುಖ್ಯವಾದವು. ರಕ್ತಕ್ಯಾನ್ಸರ್, ಮಲೇರಿಯಾ, ಮೂತ್ರನಾಳದ ಸೋಂಕು, ಸಂಧಿವಾತ ಹೀಗೆ ಒಂದಕ್ಕೊಂದು ನಂಟಿಲ್ಲದ ಕಾಯಿಲೆಗಳಿಗೆ ಒಂದೇ ರಾಸಾಯನಿಕ ಯೋಚನೆಯಿಂದ ಮದ್ದು ಹುಟ್ಟಿದ್ದು ಇಲ್ಲಿಯ ವಿಶೇಷ. ಹೊಸ ಅಣುವನ್ನು ಕಾರಣಸಹಿತ ಯೋಚಿಸಿ ಕಟ್ಟುವುದು, ಕಟ್ಟಿದ್ದನ್ನು ಪರೀಕ್ಷೆಗೊಡ್ಡಿ ತಿದ್ದುವುದು ಎಂಬ ಇಂದಿನ ಔಷಧ ಸಂಶೋಧನೆಯ ಪದ್ಧತಿ ಗಟ್ಟಿಯಾದದ್ದು ಬಹುಮಟ್ಟಿಗೆ ಈ ಗುಂಪಿನ ಔಷಧಗಳ ಮೂಲಕ.

ಜೀವಕೋಶ ಎರಡಾಗಬೇಕಾದರೆ ಡಿಎನ್‌ಎಯ ಇನ್ನೊಂದು ಪ್ರತಿ ಸಿದ್ಧವಾಗಬೇಕು. ಅದಕ್ಕೆ ಬೇಕಾದ ಥೈಮಿನ್ ತಯಾರಾಗಲು ಫೋಲಿಕ್ ಆಮ್ಲ ಬೇಕೇ ಬೇಕು. ಮನುಷ್ಯನಿಗೆ ಇದು ಸೊಪ್ಪು, ಕಾಳು, ಪಿತ್ತಜನಕಾಂಗದಂಥ ಆಹಾರದಿಂದ ಸಿಗುತ್ತದೆ. ಅನೇಕ ಬ್ಯಾಕ್ಟೀರಿಯಗಳೂ ಮಲೇರಿಯಾ ಪರೋಪಜೀವಿಯೂ ತಮಗೆ ಬೇಕಾದುದನ್ನು ತಾವೇ ತಯಾರಿಸಿಕೊಳ್ಳುತ್ತವೆ. ಈ ಗುಂಪಿನ ಔಷಧಗಳಲ್ಲಿ ಕೆಲವು ಈ ವ್ಯತ್ಯಾಸವನ್ನೇ ಬಳಸಿಕೊಂಡಿವೆ.

ಫೋಲಿಕ್ ಆಮ್ಲದ ಕಥೆ ಆರಂಭವಾಗುವುದು ಭಾರತದಲ್ಲಿ. 1928ರಲ್ಲಿ ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್ ಮುಂಬಯಿಗೆ ಬಂದು, ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರನ್ನು ಕಾಡುತ್ತಿದ್ದ ತೀವ್ರ ರಕ್ತಹೀನತೆಯನ್ನು ಅಧ್ಯಯನ ಮಾಡತೊಡಗಿದರು. ಕೆಲಕಾಲ ನೀಲಗಿರಿಯ ಕೂನೂರಿನ ಪಾಶ್ಚರ್ ಸಂಸ್ಥೆಯಲ್ಲಿ ಇಲಿಗಳ ಮೇಲೂ ಪ್ರಯೋಗ ನಡೆಸಿದರು. ಅಗ್ಗದ ಯೀಸ್ಟ್ ಸಾರವಾದ ಮಾರ್ಮೈಟ್ ಕೊಟ್ಟಾಗ ಈ ಹೆಂಗಸರ ರಕ್ತ ಸುಧಾರಿಸುತ್ತದೆಂದು 1931ರಲ್ಲಿ ಪ್ರಕಟಿಸಿದರು. ಯೀಸ್ಟಿನಲ್ಲಿದ್ದ ಆ ಅಂಶ ಯಾವುದೆಂದು ಆಗ ಗೊತ್ತಿರಲಿಲ್ಲ; ಬಹುಕಾಲ ಅದನ್ನು ವಿಲ್ಸ್ ಅಂಶವೆಂದೇ ಕರೆಯುತ್ತಿದ್ದರು. 1941ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಮಿಚೆಲ್, ಸ್ನೆಲ್ ಮತ್ತು ವಿಲಿಯಮ್ಸ್ ನಾಲ್ಕು ಟನ್ ಪಾಲಕ್ ಸೊಪ್ಪನ್ನು ಅರೆದು, ಸೋಸಿ, ಅದರಿಂದ ಅತ್ಯಲ್ಪ ಪ್ರಮಾಣದ ಸಾರ ತೆಗೆದು ಫೋಲಿಕ್ ಆಮ್ಲವೆಂದು ಹೆಸರಿಟ್ಟರು.

ಸುಮಾರು ಅದೇ ಕಾಲಕ್ಕೆ ಯುರೋಪಿನಲ್ಲಿ ಇನ್ನೊಂದು ಎಳೆ ಬೆಳೆಯುತ್ತಿತ್ತು. ಜರ್ಮನಿಯ ಗೆರ್‌ಹಾರ್ಟ್ ಡೊಮಾಕ್ 1935ರಲ್ಲಿ ಪ್ರಕಟಿಸಿದ ಪ್ರೊಂಟೊಸಿಲ್ ಎಂಬ ಕೆಂಪು ಬಣ್ಣದ ಸಂಯುಕ್ತ ಇಲಿಗಳನ್ನು ಬ್ಯಾಕ್ಟೀರಿಯ ಸೋಂಕಿನಿಂದ ಉಳಿಸುತ್ತಿತ್ತು. ದೇಹದೊಳಗೆ ಅದು ಒಡೆದು ಬರುವ ಸಲ್ಫನಿಲಮೈಡ್ ಎಂಬ ಸಲ್ಫಾ ಔಷಧವೇ ನಿಜವಾದ ಮದ್ದೆಂದು ಪ್ಯಾರಿಸಿನ ಪಾಶ್ಚರ್ ಸಂಸ್ಥೆಯವರು ಅದೇ ವರ್ಷ ತೋರಿಸಿದರು. ಅದು ಹೇಗೆ ಕೆಲಸ ಮಾಡುತ್ತದೆಂಬುದಕ್ಕೆ 1940ರಲ್ಲಿ ಬ್ರಿಟನ್ನಿನ ಡೊನಾಲ್ಡ್ ವುಡ್ಸ್ ಉತ್ತರ ಕಂಡರು. ಬ್ಯಾಕ್ಟೀರಿಯಕ್ಕೆ ಅಗತ್ಯವಾದ ಪ್ಯಾರಾ-ಅಮಿನೊಬೆನ್ಝೋಯಿಕ್ ಆಮ್ಲವನ್ನು ಸೇರಿಸಿದರೆ ಸಲ್ಫಾ ಔಷಧ ನಿಷ್ಫಲವಾಗುತ್ತಿತ್ತು. ಎರಡೂ ಅಣುಗಳ ಆಕಾರ ಹೆಚ್ಚುಕಡಿಮೆ ಒಂದೇ ಆಗಿದ್ದುದರಿಂದ, ಬ್ಯಾಕ್ಟೀರಿಯ ಖೋಟಾ ನಾಣ್ಯವನ್ನು ಅಸಲಿಯೆಂದು ನಂಬಿ ಒಳಗೆ ಬಿಟ್ಟುಕೊಳ್ಳುತ್ತಿತ್ತು. ವುಡ್ಸ್ ಅವರ ಹಿರಿಯ ಸಹೋದ್ಯೋಗಿ ಪಾಲ್ ಫಿಲ್ಡ್ಸ್ ಇದರಲ್ಲಿ ದೊಡ್ಡ ದಾರಿಯನ್ನೇ ಕಂಡರು. ಜೀವಿಗೆ ಅಗತ್ಯವಾದ ವಸ್ತುವನ್ನು ಗುರುತಿಸಿ, ಅದನ್ನು ಹೋಲುವ ನಿರುಪಯೋಗಿ ಅಣುವನ್ನು ತಯಾರಿಸಿದರೆ ಔಷಧ ಸಿಗುತ್ತದೆಂದು ಅವರು ವಾದಿಸಿದರು. ಪಾಲ್ ಏರ್ಲಿಖ್ ಸಿಫಿಲಿಸ್ಸಿಗೆ 606ನೆಯ ಸಂಖ್ಯೆಯ ಆರ್ಸೆನಿಕ್ ಸಂಯುಕ್ತವನ್ನು ಆರಿಸಿದ್ದು ನೂರಾರು ಸಂಯುಕ್ತಗಳನ್ನು ಒಂದೊಂದಾಗಿ ಸೋಸಿ. ಫಿಲ್ಡ್ಸ್ ಹೇಳಿದ್ದು ಅದಕ್ಕಿಂತ ಭಿನ್ನವಾದ ಮಾರ್ಗ.

ಎರಡೂ ಎಳೆಗಳು ಕೂಡಿದ್ದು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲೆ ಪ್ರಯೋಗಶಾಲೆಯಲ್ಲಿ. ಅಲ್ಲಿ ಸಂಶೋಧನೆಯ ನೇತೃತ್ವ ವಹಿಸಿದ್ದವರು ಆಂಧ್ರದ ಭೀಮವರಂನ ಯಲ್ಲಾಪ್ರಗಡ ಸುಬ್ಬರಾವ್ (1895-1948). ಮದರಾಸು ವೈದ್ಯಕೀಯ ಕಾಲೇಜಿನಲ್ಲಿ ಖಾದಿ ತೊಟ್ಟು ಇಂಗ್ಲಿಷ್ ಪ್ರಾಧ್ಯಾಪಕರ ಅಸಮಾಧಾನಕ್ಕೆ ಗುರಿಯಾಗಿ, ಪೂರ್ಣ ಪದವಿ ದೊರೆಯದೆ ಕೆಳದರ್ಜೆಯ ಪ್ರಮಾಣಪತ್ರದೊಂದಿಗೆ ಹೊರಬಂದವರು ಅವರು. ಹಾರ್ವರ್ಡಿಗೆ ಹೋಗಿ 1925ರಲ್ಲಿ ಸೈರಸ್ ಫಿಸ್ಕೆಯವರೊಂದಿಗೆ ರಕ್ತ ಹಾಗೂ ಮೂತ್ರದಲ್ಲಿನ ರಂಜಕವನ್ನು ಅಳೆಯುವ ವಿಧಾನ ರೂಪಿಸಿದರು. 1940ರಲ್ಲಿ ಲೆಡರ್ಲೆ ಸೇರಿದರು. ಫೋಲಿಕ್ ಆಮ್ಲದ ಕೊರತೆ ಜೊತೆಗೂಡುವ ಸ್ಪ್ರೂ ಎಂಬ ಕರುಳಿನ ಕಾಯಿಲೆ ಅವರ ಒಬ್ಬ ಅಣ್ಣನನ್ನು ಬಲಿ ತೆಗೆದುಕೊಂಡಿತ್ತು. 1945ರಲ್ಲಿ ಅವರ ತಂಡ ಫೋಲಿಕ್ ಆಮ್ಲವನ್ನು ಪ್ರಯೋಗಶಾಲೆಯಲ್ಲೇ ಸಂಶ್ಲೇಷಿಸಿತು. ಟೆರಿಡಿನ್ ಉಂಗುರ, ಪ್ಯಾರಾ-ಅಮಿನೊಬೆನ್ಝೋಯಿಕ್ ಆಮ್ಲ, ಗ್ಲುಟಾಮಿಕ್ ಆಮ್ಲ ಎಂಬ ಮೂರು ತುಂಡುಗಳು ಸೇರಿ ಅದು ಆಗಿತ್ತು. ಸಲ್ಫಾ ಔಷಧ ತಡೆಯುತ್ತಿದ್ದುದು ನಡುವಿನ ತುಂಡು ಈ ಅಣುವಿಗೆ ಸೇರುವುದನ್ನೇ ಎಂಬುದು ಆಗ ಸ್ಪಷ್ಟವಾಯಿತು.

ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ರೋಗವಿಜ್ಞಾನಿ ಸಿಡ್ನಿ ಫಾರ್ಬರ್ ಫೋಲಿಕ್ ಆಮ್ಲದ ರೂಪಗಳನ್ನು ಲ್ಯೂಕೀಮಿಯಾ ಎಂಬ ರಕ್ತಕ್ಯಾನ್ಸರಿನಿಂದ ಪೀಡಿತರಾದ ಮಕ್ಕಳಿಗೆ ಕೊಟ್ಟು ನೋಡಿದರು. ರಕ್ತಹೀನತೆಯನ್ನು ಗುಣಪಡಿಸುವ ವಸ್ತು ಇಲ್ಲಿಯೂ ಒಳಿತು ಮಾಡೀತೆಂಬುದು ಆಸೆ. ಆದರೆ ಅಸ್ಥಿಮಜ್ಜೆಯ ಮಾದರಿಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ ರೋಗ ಇನ್ನಷ್ಟು ಬೇಗ ಹಬ್ಬುತ್ತಿರುವಂತೆ ಕಂಡಿತು. ಈ ಕೆಟ್ಟ ಫಲಿತಾಂಶವನ್ನು ಅವರು ಬದಿಗಿಡಲಿಲ್ಲ; ಫೋಲಿಕ್ ಆಮ್ಲ ರೋಗವನ್ನು ಪೋಷಿಸುತ್ತದಾದರೆ ಅದರ ವಿರೋಧಿ ರೋಗವನ್ನು ಸೊರಗಿಸಬೇಕೆಂದು ಯೋಚಿಸಿ ಸುಬ್ಬರಾವ್ ತಂಡದ ಮೊರೆಹೋದರು. ನನ್ನ ದೃಷ್ಟಿಯಲ್ಲಿ ಇಡೀ ಇತಿಹಾಸದ ತಿರುವು ಇದೇ. ರಸಾಯನಜ್ಞನ ಕಾಗದದ ಯೋಜನೆಗೆ ದಿಕ್ಕು ತೋರಿದ್ದು ರೋಗಿಯ ಬಳಿ ಸೋತ ಒಂದು ಪರೀಕ್ಷೆ.

ಲೆಡರ್ಲೆಯ ರಸಾಯನಜ್ಞರು ಟೆರಿಡಿನ್ ಉಂಗುರದ ನಾಲ್ಕನೆಯ ಸ್ಥಾನದಲ್ಲಿದ್ದ ಆಮ್ಲಜನಕದ ಗುಂಪನ್ನು ತೆಗೆದು, ಅಲ್ಲಿ ಸಾರಜನಕದ ಅಮಿನೊ ಗುಂಪನ್ನು ಕೂರಿಸಿದರು. ಅಷ್ಟೇ ಬದಲಾವಣೆಯಿಂದ ಜೀವಸತ್ತ್ವ ವಿಷವಾಯಿತು. ಅಮಿನೊಪ್ಟೆರಿನ್ ಎಂಬ ಈ ಸಂಯುಕ್ತವನ್ನು ಫಾರ್ಬರ್ 16 ಮಕ್ಕಳಿಗೆ ಕೊಟ್ಟು, 10 ಮಕ್ಕಳಲ್ಲಿ ಸುಧಾರಣೆ ಕಂಡು, 1948ರ ಜೂನ್‌ನಲ್ಲಿ ಪ್ರಕಟಿಸಿದರು. ಊದಿಕೊಂಡಿದ್ದ ಗುಲ್ಮ ಇಳಿಯಿತು, ಬಿಳಿರಕ್ತಕಣಗಳ ಎಣಿಕೆ ಹತೋಟಿಗೆ ಬಂತು. ಸುಧಾರಣೆ ತಾತ್ಕಾಲಿಕವೆಂದು ಲೇಖನದ ಶೀರ್ಷಿಕೆಯಲ್ಲೇ ಹೇಳಿದ್ದರು, ರೋಗ ಮರಳಿತು. ಹಾಗಿದ್ದರೂ ಮಕ್ಕಳ ಲ್ಯೂಕೀಮಿಯಾವನ್ನು ಔಷಧದಿಂದ ಹಿಮ್ಮೆಟ್ಟಿಸಬಹುದೆಂದು ಮೊದಲ ಸಲ ಕಂಡಿತ್ತು. ಅದೇ ವರ್ಷ ಆಗಸ್ಟ್‌ನಲ್ಲಿ ಸುಬ್ಬರಾವ್ ತೀರಿಕೊಂಡರು. ಆನೆಕಾಲು ರೋಗಕ್ಕೆ ಇಂದಿಗೂ ಕೊಡುವ ಡಿಇಸಿ ಮಾತ್ರೆಯೂ ಅವರ ಪ್ರಯೋಗಶಾಲೆಯಿಂದ ಬಂದದ್ದೇ.

ಅಮಿನೊಪ್ಟೆರಿನ್‌ಗೆ ಒಂದು ಮೀಥೈಲ್ ಗುಂಪನ್ನು ಸೇರಿಸಿದಾಗ ಸಿಕ್ಕಿದ್ದು ಮೆಥೊಟ್ರೆಕ್ಸೇಟ್. ಅದನ್ನು ಬಳಸುವುದು ಕಡಿಮೆ ಅಪಾಯಕರವಾಗಿದ್ದುದರಿಂದ 1950ರ ದಶಕದಲ್ಲಿ ಹಳೆಯದರ ಜಾಗಕ್ಕೆ ಬಂತು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಮಿನ್ ಚಿಯು ಲೀ ಮತ್ತು ರಾಯ್ ಹರ್ಟ್ಸ್ ಗರ್ಭವೇಷ್ಟನದಿಂದ ಹುಟ್ಟುವ ಕೋರಿಯೊಕಾರ್ಸಿನೋಮ ಎಂಬ ಕ್ಯಾನ್ಸರನ್ನು ಇದರಿಂದ ಗುಣಪಡಿಸಿ 1956ರಲ್ಲಿ ವರದಿ ಮಾಡಿದರು. ಗಡ್ಡೆ ಮಾಯವಾದ ಮೇಲೂ ದೇಹದಲ್ಲಿ ಅದು ಸ್ರವಿಸುವ ಹಾರ್ಮೋನಿನ ಸುಳಿವು ಇರುವವರೆಗೆ ಔಷಧ ನಿಲ್ಲಿಸಬಾರದೆಂದು ಲೀ ಹಟ ಹಿಡಿದರು. ಆ ಕಾರಣಕ್ಕೆ ಅವರ ಕೆಲಸವೇ ಹೋಯಿತು. ಮುಂದೆ 1972ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು.

ನ್ಯೂಯಾರ್ಕಿನ ಟಕಾಹೋದಲ್ಲಿ ಬರೋಸ್ ವೆಲ್ಕಮ್ ಸಂಸ್ಥೆಯ ಜಾರ್ಜ್ ಹಿಚಿಂಗ್ಸ್ ಮತ್ತು ಗರ್ಟ್ರೂಡ್ ಎಲಿಯನ್ ಅವರ ತಂಡ ಬೇರೆ ತುದಿಯಿಂದ ಹೊರಟಿತು. ಹೆಣ್ಣೆಂಬ ಕಾರಣಕ್ಕೆ ಪ್ರಯೋಗಶಾಲೆಗಳ ಬಾಗಿಲು ಮುಚ್ಚಿದ್ದನ್ನು ಕಂಡಿದ್ದ ಎಲಿಯನ್ ಅಲ್ಲಿಗೆ ಬಂದದ್ದು 1944ರಲ್ಲಿ. ಅವರ ಪರೀಕ್ಷಾ ಸಾಧನ ಲ್ಯಾಕ್ಟೊಬ್ಯಾಸಿಲಸ್ ಕೇಸಿಯೈ ಎಂಬ ಬ್ಯಾಕ್ಟೀರಿಯ. ಇದು ಫೋಲಿಕ್ ಆಮ್ಲ ಇದ್ದರೂ ಬೆಳೆಯುತ್ತದೆ, ಅದಿಲ್ಲದಿದ್ದರೆ ಥೈಮಿನ್ ಮತ್ತು ಡಿಎನ್‌ಎಯ ಇನ್ನೊಂದು ಘಟಕವಾದ ಪ್ಯೂರಿನ್ ಕೊಟ್ಟರೂ ಬೆಳೆಯುತ್ತದೆ. ಕೆಲವಕ್ಕೆ ಫೋಲಿಕ್ ಆಮ್ಲ, ಉಳಿದವಕ್ಕೆ ಥೈಮಿನ್ ಮತ್ತು ಪ್ಯೂರಿನ್ ಹಾಕಿದ ಸಾಲು ಕೊಳವೆಗಳಲ್ಲಿ ಹೊಸ ಸಂಯುಕ್ತವನ್ನು ಬೆರೆಸಿಡುತ್ತಿದ್ದರು. ಬ್ಯಾಕ್ಟೀರಿಯ ಬೆಳೆದರೆ ದ್ರವ ಕದಡುತ್ತದೆ, ಇಲ್ಲವಾದರೆ ತಿಳಿಯಾಗಿಯೇ ಉಳಿಯುತ್ತದೆ. ಫೋಲಿಕ್ ಆಮ್ಲದ ಕೊಳವೆ ತಿಳಿಯಾಗಿದ್ದು ಥೈಮಿನ್ ಕೊಳವೆ ಕದಡಿದರೆ, ಆ ಸಂಯುಕ್ತ ತಡೆಯುತ್ತಿರುವುದು ಫೋಲಿಕ್ ಆಮ್ಲದ ಹಾದಿಯನ್ನೇ ಎಂದರ್ಥ. ಕೊಲ್ಲುತ್ತದೋ ಇಲ್ಲವೋ ಎಂಬುದರ ಜೊತೆಗೆ ಎಲ್ಲಿ ತಡೆಯುತ್ತದೆಂಬುದನ್ನೂ ಇದು ಹೇಳುತ್ತಿತ್ತು. ಇಷ್ಟು ಅಗ್ಗದ ಪರೀಕ್ಷೆ ಇಷ್ಟು ದೂರ ಕೊಂಡೊಯ್ದ ಉದಾಹರಣೆ ವಿರಳ. ಡೈಅಮಿನೊಪಿರಿಮಿಡಿನ್ ಗುಂಪಿನ ಸಂಯುಕ್ತಗಳು ಹೀಗೆ ಬೆಳಕಿಗೆ ಬಂದವು. ಅವುಗಳಿಂದ 1950ರ ದಶಕದ ಆರಂಭದಲ್ಲಿ ಮಲೇರಿಯಾಕ್ಕೆ ಪೈರಿಮೆಥಮೈನ್, ಆ ಬಳಿಕ ಬ್ಯಾಕ್ಟೀರಿಯ ಸೋಂಕಿಗೆ ಟ್ರೈಮೆಥೊಪ್ರಿಮ್ ಬಂದವು. ಫೋಲಿಕ್ ಆಮ್ಲವನ್ನು ಬಳಕೆಗೆ ಸಿದ್ಧಗೊಳಿಸುವ ಕಿಣ್ವವನ್ನು ಇವು ತಡೆಯುತ್ತವೆ; ಟ್ರೈಮೆಥೊಪ್ರಿಮ್ ಮನುಷ್ಯನ ಆ ಕಿಣ್ವಕ್ಕಿಂತ ಬ್ಯಾಕ್ಟೀರಿಯದ ಕಿಣ್ವಕ್ಕೆ ಹತ್ತಾರು ಸಾವಿರ ಪಟ್ಟು ಬಲವಾಗಿ ಅಂಟುತ್ತದೆ. ಸಲ್ಫಾ ಔಷಧದೊಂದಿಗೆ ಬೆರೆಸಿದ ಅದರ ರೂಪ 1960ರ ದಶಕದ ಕೊನೆಗೆ ಮಾರುಕಟ್ಟೆಗೆ ಬಂತು. ಹಿಚಿಂಗ್ಸ್, ಎಲಿಯನ್ ಇಬ್ಬರಿಗೂ ಜೇಮ್ಸ್ ಬ್ಲ್ಯಾಕ್ ಜೊತೆ 1988ರ ನೊಬೆಲ್ ದೊರೆಯಿತು.

ಇಷ್ಟೆಲ್ಲ ಔಷಧಗಳು ಬಂದಾಗಲೂ ಅವು ಅಂಟುವ ಡೈಹೈಡ್ರೊಫೋಲೇಟ್ ರಿಡಕ್ಟೇಸ್ ಕಿಣ್ವದ ಆಕಾರವನ್ನು ಯಾರೂ ಕಂಡಿರಲಿಲ್ಲ. 1977ರಲ್ಲಿ ಸ್ಯಾನ್ ಡಿಯಾಗೊದಲ್ಲಿ ಜೋಸೆಫ್ ಕ್ರೌಟ್ ಅವರ ತಂಡ, ಮೆಥೊಟ್ರೆಕ್ಸೇಟ್ ಹಿಡಿದುಕೊಂಡಿರುವ ಬ್ಯಾಕ್ಟೀರಿಯ ಕಿಣ್ವದ ರಚನೆಯನ್ನು ಕ್ಷಕಿರಣಗಳಿಂದ ಬಿಡಿಸಿತು. ಮುಂದಿನ ಕೆಲವು ವರ್ಷಗಳ ಅಧ್ಯಯನದಿಂದ ಅಚ್ಚರಿಯ ಸಂಗತಿ ಖಚಿತವಾಯಿತು: ಮೆಥೊಟ್ರೆಕ್ಸೇಟಿನ ಉಂಗುರ ಸಹಜ ಅಣು ಕೂರುವಂತೆ ಕೂರದೆ, 180 ಡಿಗ್ರಿ ಮಗುಚಿ ಕೂರುತ್ತದೆ. ಅನುಕರಣೆಯ ಅಣು ಅಸಲಿಯ ಹಾಗೆಯೇ ಕೂರುತ್ತದೆಂಬ ಊಹೆ ತಪ್ಪಾಗಿತ್ತು. ಆ ಊಹೆಯಿಂದ ಹುಟ್ಟಿದ ಔಷಧ ಮಾತ್ರ ಮೂರು ದಶಕ ಜೀವ ಉಳಿಸಿತ್ತು. ಫೋಲೇಟ್ ಹಾದಿಯ ಇನ್ನೊಂದು ಕಿಣ್ವವಾದ ಸೆರಿನ್ ಹೈಡ್ರಾಕ್ಸಿಮೀಥೈಲ್ ಟ್ರಾನ್ಸ್‌ಫರೇಸಿನ (ಎಸ್‌ಎಚ್‌ಎಂಟಿ) ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಅಪ್ಪಾಜಿ ರಾವ್, ಎಚ್.ಎಸ್. ಸಾವಿತ್ರಿ ಮತ್ತು ಸಂಗಡಿಗರು ಕುರಿಯ ಪಿತ್ತಜನಕಾಂಗವನ್ನು ಮೂಲವಾಗಿಟ್ಟುಕೊಂಡು ದೀರ್ಘಕಾಲ ಕೆಲಸ ಮಾಡಿದ್ದಾರೆ.

ಪೆಮೆಟ್ರೆಕ್ಸೆಡ್ ರೂಪಿಸಿದವರು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಎಡ್ವರ್ಡ್ ಟೇಲರ್. ಚಿಟ್ಟೆಯ ರೆಕ್ಕೆಯ ಬಣ್ಣದಲ್ಲಿರುವ ಟೆರಿಡಿನ್ ಉಂಗುರವೇ ಫೋಲಿಕ್ ಆಮ್ಲದಲ್ಲೂ ಇದೆಯೆಂದು 1940ರ ದಶಕದಲ್ಲಿ ಓದಿ ಅವರು ಈ ಅಣುಗಳ ಬೆನ್ನು ಹತ್ತಿದ್ದರು. ಶ್ವಾಸಕೋಶದ ಹೊದಿಕೆಯ ಕ್ಯಾನ್ಸರಿಗೆ ಇದಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2004ರಲ್ಲಿ.

ಮಲೇರಿಯಾ ಪರೋಪಜೀವಿ ಇಷ್ಟರೊಳಗೆ ಪೈರಿಮೆಥಮೈನ್‌ಗೆ ಜಗ್ಗದಂತಾಗಿತ್ತು. ಅದರ ಕಿಣ್ವದ 108ನೆಯ ಸ್ಥಾನದಲ್ಲಿ ಸೆರಿನ್ ಹೋಗಿ ಆಸ್ಪರಾಜಿನ್ ಬಂದಾಗ, ಔಷಧದ ಗಡುಸಾದ ಉಂಗುರಕ್ಕೆ ಅಲ್ಲಿ ಜಾಗ ಸಾಲದು. ಥಾಯ್ಲೆಂಡಿನ ಯೋಂಗ್ಯುತ್ ಯುತಾವೊಂಗ್ ಅವರ ತಂಡ ಈ ಬದಲಾದ ಕಿಣ್ವದ ರಚನೆಯನ್ನೇ ಎದುರಿಗಿಟ್ಟುಕೊಂಡು, ಬಾಗಬಲ್ಲ ಸರಪಳಿಯುಳ್ಳ ಪಿ218 ಎಂಬ ಸಂಯುಕ್ತವನ್ನು ವಿನ್ಯಾಸ ಮಾಡಿ 2012ರಲ್ಲಿ ಪ್ರಕಟಿಸಿತು. ಆರೋಗ್ಯವಂತ ಸ್ವಯಂಸೇವಕರಲ್ಲಿ ಅದರ ಮೊದಲ ಹಂತದ ಪರೀಕ್ಷೆಯೂ ನಡೆದಿದೆ.

ಸಂಧಿವಾತದಲ್ಲಿ ಫೋಲೇಟ್ ವಿರೋಧಿಗಳ ಗುಣವನ್ನು 1951ರಲ್ಲೇ ರಿಚರ್ಡ್ ಗುಬ್ನರ್ ಗಮನಿಸಿದ್ದರೂ, ಆ ಕಾಯಿಲೆಗೆ ಮೆಥೊಟ್ರೆಕ್ಸೇಟ್ ಅಮೆರಿಕದಲ್ಲಿ ಅನುಮತಿ ಪಡೆದದ್ದು 1988ರಲ್ಲಿ. ಕ್ಯಾನ್ಸರಿಗೆ ಕೊಡುವುದಕ್ಕಿಂತ ಬಹಳ ಕಡಿಮೆ ಪ್ರಮಾಣದಲ್ಲಿ, ವಾರಕ್ಕೆ ಒಂದೇ ದಿನ ಅದನ್ನು ತೆಗೆದುಕೊಳ್ಳಬೇಕು. ಜೊತೆಗೆ ವೈದ್ಯರು ಫೋಲಿಕ್ ಆಮ್ಲದ ಮಾತ್ರೆಯನ್ನೂ ಬರೆದುಕೊಡುವುದುಂಟು. ವಾರದ ಮಾತ್ರೆಯನ್ನು ತಿಳಿಯದೆ ದಿನವೂ ನುಂಗಿ ಅಸ್ಥಿಮಜ್ಜೆ ಸೊರಗಿ ಸತ್ತವರಿದ್ದಾರೆ. ಗರ್ಭದಲ್ಲಿರುವ ಶಿಶುವಿಗೂ ಇದು ಘೋರ ಹಾನಿ ಮಾಡುತ್ತದೆ. ಮನೆಯಲ್ಲಿ ಯಾರಾದರೂ ಈ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ವಾರದ ಯಾವ ದಿನ ತೆಗೆದುಕೊಳ್ಳಬೇಕೆಂಬುದನ್ನು ವೈದ್ಯರಿಂದ ಕೇಳಿ ಚೀಟಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿಟ್ಟುಕೊಳ್ಳಬೇಕು.