ಶಾಸನದ ಮಯೂರ, ತೆರೆಯ ಮಯೂರ

ಕದಂಬ ರಾಜ್ಯವನ್ನು ಕಟ್ಟಿದವನು ಯಾರೆಂದು ಕೇಳಿದರೆ ನಿಮ್ಮಲ್ಲಿ ಬಹುಪಾಲು ಮಂದಿಗೆ ಹೆಸರಿನೊಡನೆ ಒಂದು ಮುಖವೂ ನೆನಪಾಗುತ್ತದೆ. ಅದು ಡಾ. ರಾಜ್‌ಕುಮಾರ್ ಅವರ ಮುಖ. 1975ರಲ್ಲಿ ವಿಜಯ್ ನಿರ್ದೇಶನದಲ್ಲಿ ಬಂದ ‘ಮಯೂರ’ ಚಿತ್ರ ನಾಲ್ಕನೆಯ ಶತಮಾನದ ಅರಸನಿಗೆ ಕೊಟ್ಟ ರೂಪ, ಕೊಟ್ಟ ಮಾತು, ಕೊಟ್ಟ ಹುಟ್ಟು ಇವೇ ನಮ್ಮ ಪಾಲಿಗೆ ಇತಿಹಾಸವಾಗಿ ನಿಂತಿವೆ. ಚಿತ್ರವೊಂದಕ್ಕೆ ಇದಕ್ಕಿಂತ ದೊಡ್ಡ ಗೆಲುವಿಲ್ಲ. ಆದರೆ ಈ ಗೆಲುವಿನಲ್ಲಿ ಮರೆಯಾದ ಇನ್ನೊಬ್ಬ ಮಯೂರನಿದ್ದಾನೆ.

ಅವನನ್ನು ಕಾಣಲು ನೀವು ಶಿಕಾರಿಪುರ ತಾಲ್ಲೂಕಿನ ತಾಳಗುಂದಕ್ಕೆ ಹೋಗಬೇಕು. ಅಲ್ಲಿ ಪ್ರಣವೇಶ್ವರ ದೇವಾಲಯದ ಎದುರಿಗೆ ಒಂದು ಕಲ್ಲಿನ ಕಂಬವಿದೆ. ಐದನೆಯ ಶತಮಾನದ ನಡುಭಾಗದಲ್ಲಿ, ಶಾಂತಿವರ್ಮನ ಆಳ್ವಿಕೆಯಲ್ಲಿ, ಕುಬ್ಜನೆಂಬ ಕವಿ ರಚಿಸಿದ ಸಂಸ್ಕೃತ ಶಾಸನ ಅದರ ಮೇಲಿದೆ. ಮಯೂರಶರ್ಮನೆಂಬ ಬ್ರಾಹ್ಮಣ ಯುವಕ ತನ್ನ ಗುರು ವೀರಶರ್ಮನ ಜೊತೆ ಉನ್ನತ ವ್ಯಾಸಂಗಕ್ಕಾಗಿ ಕಂಚಿಯ ಘಟಿಕಾಸ್ಥಾನಕ್ಕೆ ಹೋಗುತ್ತಾನೆ. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನೊಡನೆ ಜಗಳವಾಗುತ್ತದೆ. ಓದಿದವನ ಮಾನ ಒಬ್ಬ ಸವಾರನ ಕೈಯಲ್ಲಿರಬೇಕೇ ಎಂಬ ಸಿಟ್ಟು ಅವನನ್ನು ಬಿಡುವುದಿಲ್ಲ. ಓದು ಬಿಟ್ಟು ಶಸ್ತ್ರ ಹಿಡಿಯುತ್ತಾನೆ. ಪಲ್ಲವರ ಗಡಿಗಾವಲನ್ನು ಮುರಿದು, ಶ್ರೀಪರ್ವತದ ದಟ್ಟ ಕಾಡುಗಳನ್ನು ಸೇರಿ, ಬಾಣರಿಂದ ಕಪ್ಪ ವಸೂಲಿ ಮಾಡುತ್ತಾನೆ. ಬಗ್ಗಿಸಲಾಗದ ಪಲ್ಲವರು ಕೊನೆಗೆ ಸಂಧಿ ಮಾಡಿಕೊಂಡು ಅವನ ರಾಜ್ಯಕ್ಕೆ ಒಪ್ಪಿಗೆ ಕೊಡುತ್ತಾರೆ. ಇಡೀ ಕಥೆಯಲ್ಲಿ ರಾಜರಕ್ತದ ಮಾತೇ ಇಲ್ಲ. ಮನೆಯ ಹತ್ತಿರವಿದ್ದ ಕದಂಬ ವೃಕ್ಷದಿಂದ ಆ ಮನೆತನಕ್ಕೆ ಹೆಸರು ಬಂತೆಂದಷ್ಟೇ ಶಾಸನ ಹೇಳುತ್ತದೆ.

ತೆರೆಯ ಮೇಲಿನ ಮಯೂರನೂ ಬ್ರಾಹ್ಮಣ ತರುಣನಾಗಿಯೇ ಬೆಳೆಯುತ್ತಾನೆ. ಆದರೆ ತಾನು ನಿಜಕ್ಕೂ ಕದಂಬ ರಾಜಕುಮಾರ, ತನ್ನ ತಂದೆಯ ರಾಜ್ಯ ಪಲ್ಲವರ ಪಾಲಾಗಿದೆ ಎಂಬ ಗುಟ್ಟು ಅವನಿಗೆ ಮುಂದೆ ತಿಳಿಯುತ್ತದೆ. ಅಲ್ಲಿಗೆ ಅವಮಾನಿತ ವಿದ್ಯಾರ್ಥಿ ಹೋಗಿ ವಾರಸುದಾರ ಬಂದ. ಕಲ್ಲಿನ ಮಯೂರ ಇಲ್ಲದ ರಾಜ್ಯವನ್ನು ಕಟ್ಟಿದವನು. ತೆರೆಯ ಮಯೂರ ಕಳೆದುಕೊಂಡದ್ದನ್ನು ಮರಳಿ ಪಡೆದವನು. ನನ್ನನ್ನು ಕೇಳಿದರೆ ಮೊದಲನೆಯ ಕಥೆಯೇ ಹೆಚ್ಚು ಧೈರ್ಯದ್ದು. ಗಾಜನೂರಿನಲ್ಲಿ ಹುಟ್ಟಿ, ಶಾಲೆ ಅರ್ಧಕ್ಕೆ ಬಿಟ್ಟು, ನಾಟಕ ಕಂಪನಿಯಲ್ಲಿ ಬೆಳೆದು, ಸ್ವಂತ ದುಡಿಮೆಯಿಂದ ಕನ್ನಡಿಗರ ಮನಸ್ಸನ್ನು ಗೆದ್ದ ನಟರಿಗೆ ಅದೇ ಹೆಚ್ಚು ಒಪ್ಪುತ್ತಿತ್ತೇನೋ!

ಹಾಗಾದರೆ ಪ್ರೇಕ್ಷಕರಿಗೆ ಎರಡನೆಯದು ಏಕೆ ಅಷ್ಟು ಹಿಡಿಸಿತು? ಕಥೆ ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿಯನ್ನು ಆಧರಿಸಿದ್ದು, ನಿಜ. ಅದು ತೆರೆಗೆ ಬಂದ ಗಳಿಗೆಯನ್ನು ಗಮನಿಸಿ. 1956ರಲ್ಲಿ ಹರಿದು ಹಂಚಿಹೋಗಿದ್ದ ಪ್ರದೇಶಗಳು ಒಂದಾದವು; 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂತು. ಈ ಅವಧಿಯ ಚಿತ್ರಗಳನ್ನು ಸಾಲಾಗಿ ನೆನೆಯಿರಿ: 1960ರ ‘ರಣಧೀರ ಕಂಠೀರವ’, 1961ರ ‘ಕಿತ್ತೂರು ಚೆನ್ನಮ್ಮ’, 1967ರ ‘ಇಮ್ಮಡಿ ಪುಲಿಕೇಶಿ’, 1970ರ ‘ಶ್ರೀ ಕೃಷ್ಣದೇವರಾಯ’. ಮೈಸೂರು ಸೀಮೆ, ಕಿತ್ತೂರು, ಬಾದಾಮಿ, ಹಂಪೆ, ಕೊನೆಗೆ ಬನವಾಸಿ. ಹೊಸ ರಾಜ್ಯದ ಭೂಪಟವನ್ನೇ ಯಾರೋ ಒಂದೊಂದಾಗಿ ಬಣ್ಣ ತುಂಬಿಸುತ್ತಾ ಹೋದಂತಿಲ್ಲವೇ? ಕಳೆದುಹೋದ ನಾಡು ಕೈಸೇರಿತೆಂಬ ಕಥೆ ಆಗಿನ ಪ್ರೇಕ್ಷಕರಿಗೆ ಪಲ್ಲವರ ಕಾಲದ್ದಾಗಿರಲಿಲ್ಲ, ತಮ್ಮದೇ ಆಗಿತ್ತು. ಜೊತೆಗೆ, ಮರೆಯಲ್ಲಿ ಬೆಳೆದ ರಾಜಕುಮಾರ ನಮ್ಮ ನಾಟಕ ಕಂಪನಿಗಳಿಗೂ ಅಜ್ಜಿಕಥೆಗಳಿಗೂ ಹಳೆಯ ನೆಂಟ.

ಭಾಷೆಯ ವಿಷಯದಲ್ಲಿ ಚಿತ್ರವನ್ನು ದೂರುವಂತಿಲ್ಲ. ಕದಂಬರ ಕಾಲದ ಕನ್ನಡ ಹೇಗಿತ್ತೆಂಬುದಕ್ಕೆ ಹಲ್ಮಿಡಿ ಶಾಸನವಿದೆ. ಅದೇ ಕನ್ನಡದಲ್ಲಿ ಸಂಭಾಷಣೆ ಬರೆದಿದ್ದರೆ ಚಿತ್ರಮಂದಿರದಲ್ಲಿ ಪಂಡಿತರಷ್ಟೇ ಉಳಿಯುತ್ತಿದ್ದರು.

ನಾನು ವಿಜ್ಞಾನ ಓದಿದವನು. ಬಿಸಿನೀರಿಗೆ ಉಷ್ಣಮಾಪಕ ಇಳಿಸಿದರೆ ಅದು ನೀರಿನ ಶಾಖವನ್ನು ಒಂದಿಷ್ಟು ತಾನೇ ಹೀರಿಕೊಂಡು, ಇಬ್ಬರೂ ರಾಜಿಯಾದ ಅಳತೆಯನ್ನು ತೋರಿಸುತ್ತದೆ. ಹಂಡೆಯಲ್ಲಾದರೆ ವ್ಯತ್ಯಾಸ ಗೊತ್ತಾಗದು; ಪ್ರನಾಳದ ತಳದಲ್ಲಿರುವ ನಾಲ್ಕು ಹನಿಯಲ್ಲಾದರೆ ಗೊತ್ತಾಗುತ್ತದೆ. ಮಯೂರನ ಬಗ್ಗೆ ನಮಗಿರುವ ಆಧಾರಗಳು ಆ ನಾಲ್ಕು ಹನಿಗಳಂತೆ. ಆದ್ದರಿಂದಲೇ ಚಿತ್ರದಲ್ಲಿ ನಾವು ಓದುವುದು ಬಹುಮಟ್ಟಿಗೆ 1975ರ ಶಾಖವನ್ನು. ಕಿರುತೆರೆಗೂ ಈ ಆಸೆ ತಪ್ಪಿದ್ದಲ್ಲ. ಮಯೂರನ ಮಾತು ಬಂದಾಗ ಕಂಬ ಕೆಲವು ಕ್ಷಣ, ಚಿತ್ರದ ತುಣುಕು ಕೆಲವು ನಿಮಿಷ! ಕಂಬ ಕುದುರೆ ಏರುವುದಿಲ್ಲ ನೋಡಿ.

ಹಾಗೆಂದು ಮಯೂರನ ಮನೆತನದ ಹುಟ್ಟನ್ನು ತಿದ್ದಿದವರಲ್ಲಿ ಸಿನಿಮಾದವರೇ ಮೊದಲಿಗರಲ್ಲ. ಶತಮಾನಗಳ ನಂತರ ಹಾನಗಲ್ಲು, ಗೋವೆಗಳಲ್ಲಿ ಆಳಿದ ಕದಂಬರಿಗೆ ಓದು ಬಿಟ್ಟ ವಿದ್ಯಾರ್ಥಿ ಮೂಲಪುರುಷನಾಗಿ ಸಾಲಲಿಲ್ಲ. ಅವರ ಕಾಲದ ಶಾಸನಗಳಲ್ಲಿ ಶಿವನ ಹಣೆಯ ಬೆವರ ಹನಿ ಕದಂಬ ವೃಕ್ಷದ ಬುಡದಲ್ಲಿ ಬಿದ್ದು, ಅಲ್ಲಿಂದ ಮೂರು ಕಣ್ಣು, ನಾಲ್ಕು ತೋಳುಗಳ ತ್ರಿಲೋಚನ ಕದಂಬ ಹುಟ್ಟುತ್ತಾನೆ. ಚಿತ್ರದವರು ಅಷ್ಟು ದೂರ ಹೋಗಲಿಲ್ಲ.