ಚಿಕ್ಕಮಗಳೂರಿನ ಶಾಲೆಯಿಂದ ಪ್ಯಾರಿಸ್‌ವರೆಗೆ: 1500 ಮೀಟರ್ ಓಟಗಾರ್ತಿ ರಕ್ಷಿತಾ ರಾಜು ಯಾರು?

ಬೀದರ್: ಶಾಲಾ ಕ್ರೀಡಾಕೂಟದ ದಿನ ಮಕ್ಕಳೆಲ್ಲ ಮೈದಾನದಾಗ ಓಡ್ತಿರ್ತಾರೆ. ಕಣ್ಣು ಕಾಣದ ಮಗು ಇದ್ದರೆ ‘ಬೀಳ್ತೀ, ಇಲ್ಲೇ ಕೂಡು’ ಅಂತ ಪಕ್ಕಕ್ಕೆ ಕೂಡಿಸೋದೇ ಹೆಚ್ಚು. ರಕ್ಷಿತಾ ರಾಜು ಅವರನ್ನೂ ಹಂಗೇ ಕೂಡಿಸಿದ್ದರೆ ಏಷ್ಯನ್ ಪ್ಯಾರಾ ಕ್ರೀಡಾಕೂಟದ ಎರಡು ಚಿನ್ನ ಕರ್ನಾಟಕಕ್ಕೆ ಬರುತ್ತಿರಲಿಲ್ಲ. ಅವರ ಓಟದ ಪೂರ್ತಿ ಮಾಹಿತಿ ಇಲ್ಲಿದೆ.

ಬಾಲ್ಯ ಮತ್ತು ಶಾಲೆ

ರಕ್ಷಿತಾ ಚಿಕ್ಕಮಗಳೂರು ಜಿಲ್ಲೆಯ ಹಳ್ಳಿಯವರು. ಹುಟ್ಟಿನಿಂದಲೇ ದೃಷ್ಟಿ ಇಲ್ಲ. ಹತ್ತು ವರ್ಷ ಆಗುವಷ್ಟರಲ್ಲಿ ತಾಯಿ, ತಂದೆ ಇಬ್ಬರೂ ತೀರಿಕೊಂಡಿದ್ದರು. ಸಾಕಿದ್ದು ಅಜ್ಜಿ. ಆ ಅಜ್ಜಿಗೂ ಕಿವಿ ಕೇಳಿಸೋದಿಲ್ಲ, ಮಾತು ಬರೋದಿಲ್ಲ. ಚಿಕ್ಕಮಗಳೂರಿನ ಆಶಾಕಿರಣ ಅಂಧ ಮಕ್ಕಳ ಶಾಲೆಯಲ್ಲಿ ಓದು. ದೃಷ್ಟಿ ಇಲ್ಲದವರಿಗೂ ಓಟದಲ್ಲಿ ಅವಕಾಶ ಇದೆ ಎಂದು ಹೇಳಿ ಮೈದಾನಕ್ಕೆ ಇಳಿಸಿದವರು ಅಲ್ಲಿನ ದೈಹಿಕ ಶಿಕ್ಷಣ ಶಿಕ್ಷಕರು.

ಮುಂದೆ ರಾಷ್ಟ್ರಮಟ್ಟದ ಕೂಟಗಳಿಗೆ ಹೋದಾಗ ರಾಹುಲ್ ಬಾಲಕೃಷ್ಣ ಅವರ ಪರಿಚಯವಾಯಿತು. ಅವರು ಸ್ವತಃ 1500 ಮೀಟರ್ ಓಟಗಾರರು. ರಕ್ಷಿತಾಗೆ ಕೋಚ್ ಆದರು, ಜತೆಗೆ ಓಡುವ ಗೈಡ್ ಕೂಡ ಆದರು.

ಕಣ್ಣು ಕಾಣದವರು ಓಡೋದು ಹೆಂಗ?

ರಕ್ಷಿತಾ ಸ್ಪರ್ಧಿಸುವುದು ಟಿ11 ವಿಭಾಗದಲ್ಲಿ. ಅಂದರೆ ದೃಷ್ಟಿ ಪೂರ್ತಿ ಇಲ್ಲದವರು ಅಥವಾ ಹೆಚ್ಚುಕಡಿಮೆ ಇಲ್ಲದವರು. ಎಲ್ಲರಿಗೂ ಸಮಾನ ಇರಲಿ ಎಂದು ಪ್ರತಿಯೊಬ್ಬರೂ ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಳ್ಳಬೇಕು. ಓಟಗಾರ್ತಿ ಮತ್ತು ಗೈಡ್ ಒಂದು ಸಣ್ಣ ಹಗ್ಗವನ್ನು ಕೈಯಲ್ಲಿ ಹಿಡಿದು ಅಕ್ಕಪಕ್ಕ ಓಡುತ್ತಾರೆ. ತಿರುವು ಎಲ್ಲಿ, ಮುಂದೆ ಯಾರಿದ್ದಾರೆ, ಎಷ್ಟು ಸುತ್ತು ಉಳಿದಿದೆ, ಎಲ್ಲಾ ಗೈಡ್ ಓಡುತ್ತಲೇ ಹೇಳಬೇಕು. ಎಳೆಯುವಂತಿಲ್ಲ, ತಳ್ಳುವಂತಿಲ್ಲ. ಗೆರೆಯನ್ನು ಗೈಡ್ ಮೊದಲು ದಾಟಿದರೆ ಓಟವೇ ರದ್ದು. ಪದಕ ಬಂದರೆ ಗೈಡ್ ಕೊರಳಿಗೂ ಬೀಳುತ್ತದೆ.

ಸಾಧನೆಯ ಪಟ್ಟಿ

• 2018, ಜಕಾರ್ತಾ ಏಷ್ಯನ್ ಪ್ಯಾರಾ ಕ್ರೀಡಾಕೂಟ: 1500 ಮೀಟರ್ ಟಿ11 ಚಿನ್ನ.

• 2023 ಅಕ್ಟೋಬರ್, ಚೀನಾದ ಹಾಂಗ್‌ಝೌ ಏಷ್ಯನ್ ಪ್ಯಾರಾ ಕ್ರೀಡಾಕೂಟ: ಅದೇ ಓಟದಲ್ಲಿ ಮತ್ತೆ ಚಿನ್ನ. ಸಮಯ 5 ನಿಮಿಷ 21.45 ಸೆಕೆಂಡ್. ಬೆಳ್ಳಿ ಕೂಡ ಭಾರತದ ಲಲಿತಾ ಕಿಲಕ ಅವರದೇ.

• 2024, ಪ್ಯಾರಿಸ್ ಪ್ಯಾರಾಲಿಂಪಿಕ್ಸ್: ಹೀಟ್ಸ್‌ನಲ್ಲಿ 5 ನಿಮಿಷ 29.92 ಸೆಕೆಂಡ್, ನಾಲ್ಕನೇ ಸ್ಥಾನ. ಫೈನಲ್ ತಲುಪಲಿಲ್ಲ. ಆದರೆ ಪ್ಯಾರಾಲಿಂಪಿಕ್ಸ್‌ನ 1500 ಮೀಟರ್‌ಗೆ ಅರ್ಹತೆ ಪಡೆದ ಭಾರತದ ಮೊದಲ ದೃಷ್ಟಿಹೀನ ಮಹಿಳೆ ಅವರು.

1500 ಮೀಟರ್ ಅಂದರೆ 400 ಮೀಟರ್ ಟ್ರ್ಯಾಕ್‌ನಲ್ಲಿ ಮೂರೂ ಮುಕ್ಕಾಲು ಸುತ್ತು. ಹಾಂಗ್‌ಝೌದಲ್ಲಿ ಅವರು ಒಂದೊಂದು ಸುತ್ತಿಗೆ ಸರಾಸರಿ 86 ಸೆಕೆಂಡ್ ತಗೊಂಡರು. ಬೆಳಿಗ್ಗೆ ನೆಹರು ಕ್ರೀಡಾಂಗಣದಲ್ಲಿ ಓಡುವವರು ಒಮ್ಮೆ ವಾಚ್ ಹಿಡಿದು ನೋಡಿದರೆ ಇದು ಎಷ್ಟು ಕಷ್ಟ ಅಂತ ಗೊತ್ತಾಗುತ್ತೆ.

ನಮ್ಮ ಜಿಲ್ಲೆಯವರು ತಿಳಿಯಬೇಕಾದ್ದು

ಔರಾದ್ ಅಥವಾ ಭಾಲ್ಕಿಯ ಶಾಲೆ ಮಕ್ಕಳಿಗೆ ದಾರಿ ಎಲ್ಲರಿಗೂ ಗೊತ್ತಿರೋದೇ: ವಲಯ, ತಾಲ್ಲೂಕು, ಬೀದರ್‌ನಲ್ಲಿ ಜಿಲ್ಲಾ ಮಟ್ಟ, ಆಮೇಲೆ ಕಲಬುರಗಿ ವಿಭಾಗ, ನಂತರ ರಾಜ್ಯ. ದಸರಾ ಕ್ರೀಡಾಕೂಟದ್ದೂ ಇದೇ ಮೆಟ್ಟಿಲು.

ಅಂಗವಿಕಲ ಮಕ್ಕಳಿಗೆ ದಾರಿ ಬೇರೆ. ಮೊದಲು ಯುಡಿಐಡಿ ಕಾರ್ಡ್ ಮಾಡಿಸಬೇಕು. ನಂತರ ರಾಜ್ಯ ಮಟ್ಟದ ಪ್ಯಾರಾ ಕೂಟ, ಅಲ್ಲಿಂದ ರಾಷ್ಟ್ರೀಯ ಕೂಟ. ದೃಷ್ಟಿ ಎಷ್ಟಿದೆ ಎಂದು ಪರೀಕ್ಷಿಸಿ ಟಿ11, ಟಿ12, ಟಿ13 ಎಂದು ವಿಭಾಗ ನಿಗದಿ ಮಾಡುತ್ತಾರೆ. 2023ರ ಡಿಸೆಂಬರ್‌ನಿಂದ ಖೇಲೋ ಇಂಡಿಯಾ ಪ್ಯಾರಾ ಗೇಮ್ಸ್ ಕೂಡ ಶುರುವಾಗಿದೆ.

ಇನ್ನೊಂದು ಮಾತು. ಗೈಡ್ ಆಗುವವರು ಓಟಗಾರ್ತಿಗಿಂತ ವೇಗವಾಗಿರಬೇಕು, ಓಡುತ್ತಾ ಮಾತಾಡುವಷ್ಟು ಉಸಿರು ಉಳಿದಿರಬೇಕು. ಜಿಲ್ಲಾ ಮಟ್ಟದಲ್ಲಿ ನಾಲ್ಕನೆಯವನಾಗಿ ಬಂದು, ಕಲಬುರಗಿಗೆ ಆಯ್ಕೆಯಾಗದೆ ಓಟ ಬಿಟ್ಟ ಹುಡುಗರು ಪ್ರತಿ ತಾಲ್ಲೂಕಿನಲ್ಲೂ ಸಿಗ್ತಾರೆ. ಅಂಥವರಿಗೂ ಟ್ರ್ಯಾಕ್ ಮೇಲೆ ಕೆಲಸ ಇದೆ. ಪಕ್ಕಕ್ಕೆ ಕೂತ ಮಗುವಿಗೆ ಮೊದಲು ಬೇಕಾಗಿರೋದು ಬೆಲೆಬಾಳೋ ಶೂ ಅಲ್ಲ, ಹಗ್ಗದ ಇನ್ನೊಂದು ತುದಿ ಹಿಡಿಯುವ ಒಬ್ಬ ಮನುಷ್ಯ.